ಕಥೆ ಓದಿ, ಯೋಚಿಸಿ, ಬರೆಯುವುದು: 6ರಿಂದ 8ನೇ ತರಗತಿ ಮಕ್ಕಳಿಗೆ ಸಾಹಿತ್ಯ ವಿಶ್ಲೇಷಣೆ ಕಲಿಸುವ ಸಮಗ್ರ ಮಾರ್ಗದರ್ಶಿ

ಏಳನೇ ತರಗತಿ ಮಕ್ಕಳಿಗೆ "ಈ ಕಥೆಯನ್ನು ವಿಶ್ಲೇಷಿಸಿ ಪ್ರಬಂಧ ಬರೆಯಿರಿ" ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕೈಗೆ ಬರುತ್ತದೆ. ಒಂದೋ ಇಡೀ ಕಥೆಯನ್ನು ಮೊದಲಿಂದ ಕೊನೆವರೆಗೆ ಮತ್ತೆ ಹೇಳಿರುತ್ತಾರೆ. ಇಲ್ಲಾ "ಕಥೆ ತುಂಬಾ ಚೆನ್ನಾಗಿದೆ, ಇದರಿಂದ ಒಳ್ಳೆಯ ನೀತಿ ಸಿಗುತ್ತದೆ" ಅಂತ ನಾಲ್ಕು ಸಾಲಿಗೆ ಮುಗಿಸಿರುತ್ತಾರೆ.

ಮಕ್ಕಳಿಗೆ ಯೋಚನೆ ಬರುವುದಿಲ್ಲ ಅಂತಲ್ಲ. ಸಿನಿಮಾ ನೋಡಿ ಬಂದ ಮೇಲೆ ಇದೇ ಮಕ್ಕಳು "ಅವನೇ ವಿಲನ್ ಅಂತ ನಂಗೆ ಮೊದಲೇ ಗೊತ್ತಿತ್ತು, ಫೋನ್ ಬಂದ ತಕ್ಷಣ ಎದ್ದು ಹೊರಗೆ ಹೋದ ನೋಡು" ಅಂತ ವಾದ ಮಾಡುತ್ತಾರೆ. ಅದು ವಿಶ್ಲೇಷಣೆಯೇ. ಅದರಲ್ಲಿ ಒಂದು ನಿಲುವಿದೆ, ಅದಕ್ಕೊಂದು ಆಧಾರವಿದೆ. ಆದರೆ ಫೋನಿಗೂ ವಿಲನ್ ಅನ್ನುವುದಕ್ಕೂ ಏನು ಸಂಬಂಧ ಅಂತ ಬಿಡಿಸಿ ಹೇಳುವ ಅಗತ್ಯ ಅಲ್ಲಿ ಬರುವುದಿಲ್ಲ. ಕೇಳುವವನೂ ಅದೇ ಸಿನಿಮಾ ನೋಡಿರುತ್ತಾನೆ. ಬರೆಯುವಾಗ ಮಾತ್ರ ಅದನ್ನು ಹೇಳಲೇಬೇಕು. ಮಕ್ಕಳು ಎಡವುವುದು ಅಲ್ಲೇ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಆ ಕೊಂಡಿಗೇ ಜಾಸ್ತಿ ಜಾಗ. ಪೀಠಿಕೆ, ಮುಕ್ತಾಯ, ಎಷ್ಟು ಪ್ಯಾರಾ ಅನ್ನುವ ಲೆಕ್ಕ ಎಲ್ಲ ಆಮೇಲೆ ನೋಡೋಣ.

ಮೊದಲ ಬಾರಿ ಕಲಿಸುವುದಾದರೆ 10ರಿಂದ 12 ಪೀರಿಯಡ್ ಇಟ್ಟುಕೊಳ್ಳಿ. ಅದರಲ್ಲಿ ಅರ್ಧದಷ್ಟು ಸಮಯ ಪೆನ್ನು ಹಿಡಿಯುವ ಮುಂಚೆಯೇ ಹೋಗುತ್ತದೆ. ಹೋಗಲಿ ಬಿಡಿ.

ಹಂತ 1: ಸಣ್ಣ ಕಥೆ ಆರಿಸಿ

ಮೊದಲ ಸಲಕ್ಕೆ ಕಾದಂಬರಿ ಬೇಡ. ಹತ್ತು ಪುಟದ ಕಥೆಯೂ ಬೇಡ. ಒಂದು ಪುಟ ದಾಟದ ಕಥೆ, ಇಲ್ಲವೇ ಹದಿನೈದು ಇಪ್ಪತ್ತು ಸಾಲಿನ ಪದ್ಯ ಸಾಕು. ಪಠ್ಯ ಚಿಕ್ಕದಾಗಿದ್ದರೆ ಮಕ್ಕಳು ಅದನ್ನು ನಾಲ್ಕೈದು ಸಲ ಓದಬಹುದು. ನಾಲ್ಕನೇ ಓದಿನಲ್ಲಿ ಕಾಣುವುದು ಮೊದಲ ಓದಿನಲ್ಲಿ ಕಾಣುವುದಿಲ್ಲ.

ಕೊನೆಯಲ್ಲಿ ನೀತಿಯನ್ನು ತಾನೇ ಹೇಳಿಬಿಡುವ ಕಥೆಯನ್ನು ದೂರವಿಡಿ. ಎಲ್ಲವನ್ನೂ ಕಥೆಯೇ ಹೇಳಿದ ಮೇಲೆ ಮಗುವಿಗೆ ಹೇಳಲು ಏನುಳಿಯುತ್ತದೆ? ಪಾತ್ರ ಹಾಗೆ ಯಾಕೆ ಮಾಡಿತು ಅನ್ನುವುದನ್ನು ಓದುಗರಿಗೇ ಬಿಟ್ಟ ಕಥೆ ಬೇಕು. ಈ ಬರಹಕ್ಕೆ ಉದಾಹರಣೆಯಾಗಿ ನಾನೇ ಒಂದು ಪುಟ್ಟ ಕಥೆ ಬರೆದಿದ್ದೇನೆ. ನೀವೂ ಬೇಕಾದರೆ ತರಗತಿಯಲ್ಲಿ ಬಳಸಿಕೊಳ್ಳಿ.

"ಅಣ್ಣ ಕೆಲಸಕ್ಕೆಂದು ದೂರದ ಊರಿಗೆ ಹೋದ ಮೇಲೆ ಅವನ ಸೈಕಲ್ ಜಗಲಿಯಲ್ಲೇ ನಿಂತಿತ್ತು. ಸುಮಾ ಪ್ರತಿ ಭಾನುವಾರ ಅದನ್ನು ಒರೆಸಿಡುತ್ತಿದ್ದಳು. ಹತ್ತಿ ಓಡಿಸುತ್ತಿರಲಿಲ್ಲ. ಪಕ್ಕದ ಮನೆಯ ಹುಡುಗ ಒಮ್ಮೆ ಕೇಳಿದಾಗ 'ಪಂಕ್ಚರ್ ಆಗಿದೆ' ಅಂದಳು. ಚಕ್ರಗಳಲ್ಲಿ ಗಾಳಿ ತುಂಬಿತ್ತು. ಒಂದು ಸಂಜೆ ಅಣ್ಣನ ಫೋನ್ ಬಂತು. ಅಮ್ಮ ನಗುತ್ತಾ ಒಳಗಿಂದ ಕೂಗಿ ಹೇಳಿದರು: 'ಅವನು ಬೈಕ್ ತಗೊಂಡನಂತೆ ಕಣೇ.' ಸುಮಾ ಏನೂ ಹೇಳಲಿಲ್ಲ. ಸ್ಪ್ಯಾನರ್ ಹುಡುಕಿ ತಂದಳು. ಸೈಕಲ್ಲಿನ ಸೀಟನ್ನು ತನ್ನ ಎತ್ತರಕ್ಕೆ ಇಳಿಸಿದಳು."

ಸುಮಾಗೆ ಏನನ್ನಿಸಿತು ಅಂತ ಕಥೆಯಲ್ಲಿ ಎಲ್ಲೂ ಹೇಳಿಲ್ಲ. ಅದಕ್ಕೇ ಇದು ಈ ಕೆಲಸಕ್ಕೆ ಆಗುತ್ತದೆ.

ಹಂತ 2: ಮೊದಲು ಸುಮ್ನೆ ಓದಿ, ಆಮೇಲೆ ಪೆನ್ಸಿಲ್ ಹಿಡಿದು ಓದಿ

ಮೊದಲ ಓದು ಕಥೆಗಾಗಿ. ನೀವೇ ಜೋರಾಗಿ ಓದಿ. ಪ್ರಶ್ನೆ ಕೇಳಬೇಡಿ, ಕಠಿಣ ಪದಗಳ ಪಟ್ಟಿ ಮಾಡಬೇಡಿ.

ಎರಡನೇ ಓದಿಗೆ ಪ್ರತಿ ಮಗುವಿನ ಕೈಯಲ್ಲೂ ಕಥೆಯ ಪ್ರತಿ ಇರಲಿ, ಪಕ್ಕದಲ್ಲಿ ಬರೆಯಲು ಜಾಗ ಇರಲಿ. ಮೂರೇ ಗುರುತು ಹೇಳಿಕೊಡಿ. ವಿಚಿತ್ರ ಅನ್ನಿಸಿದ ಕಡೆ ಪ್ರಶ್ನೆ ಚಿಹ್ನೆ. ಮತ್ತೆ ಮತ್ತೆ ಬಂದದ್ದರ ಸುತ್ತ ಒಂದು ಸೊನ್ನೆ. ಏನೋ ಬದಲಾಯಿತು ಅನ್ನಿಸಿದ ಕಡೆ ಅಡ್ಡಗೆರೆ. ಇದಕ್ಕಿಂತ ಜಾಸ್ತಿ ಗುರುತು ಕೊಟ್ಟರೆ ಮಕ್ಕಳು ಕಥೆ ಬಿಟ್ಟು ಗುರುತುಗಳನ್ನೇ ನೆನಪಿಟ್ಟುಕೊಳ್ಳಲು ಒದ್ದಾಡುತ್ತಾರೆ. ಬಣ್ಣದ ಪೆನ್ನು ಕೊಟ್ಟರೆ ಪುಟವೆಲ್ಲ ಹಳದಿಯಾಗಿ ವಾಪಸ್ ಬರುತ್ತದೆ, ಅದೂ ಅನುಭವಕ್ಕೆ ಬರುವ ಮಾತು.

ಸೈಕಲ್ ಕಥೆಯಲ್ಲಿ "ಗಾಳಿ ತುಂಬಿತ್ತು" ಅನ್ನುವ ಕಡೆ ಬಹಳಷ್ಟು ಮಕ್ಕಳು ಪ್ರಶ್ನೆ ಚಿಹ್ನೆ ಹಾಕುತ್ತಾರೆ. ಒಬ್ಬಿಬ್ಬರು "ಸುಮಾ ಏನೂ ಹೇಳಲಿಲ್ಲ" ಅನ್ನುವ ಕಡೆ ಅಡ್ಡಗೆರೆ ಎಳೆಯುತ್ತಾರೆ. ಅವರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಚರ್ಚೆ ಅವರಿಂದ ಶುರುವಾಗಲಿ.

ಹಂತ 3: ಬರೆಯುವ ಮೊದಲು ಮಾತಾಡಿಸಿ

ಬಾಯಲ್ಲಿ ಹೇಳಲಾಗದ್ದನ್ನು ಈ ವಯಸ್ಸಿನ ಮಕ್ಕಳು ಹಾಳೆಯ ಮೇಲೆ ಹೇಳುವುದು ಕಷ್ಟ. ಹಾಗಾಗಿ ಒಂದು ಪೂರ್ತಿ ಪೀರಿಯಡ್ ಮಾತಿಗೆ ಕೊಡಿ. ಮೊದಲು ಇಬ್ಬಿಬ್ಬರು ಕೂತು ಮಾತಾಡಲಿ, ಆಮೇಲೆ ಎಲ್ಲರೂ ಸೇರಲಿ.

ನಿಮ್ಮ ಬಾಯಿಂದ ಬರಬೇಕಾದದ್ದು ಎರಡೇ ಪ್ರಶ್ನೆ: "ಎಲ್ಲಿದೆ, ತೋರಿಸು" ಮತ್ತು "ಅದರಿಂದ ಹಾಗೆ ಯಾಕೆ ಅನ್ನಿಸ್ತು?" ಸರಿ, ತಪ್ಪು ಅಂತ ತೀರ್ಪು ಕೊಡಲು ಹೋಗಬೇಡಿ. ಟೀಚರ್ ಮುಖ ನೋಡಿ ಉತ್ತರ ಊಹಿಸುವ ಕಲೆ ಮಕ್ಕಳಿಗೆ ಆಗಲೇ ಚೆನ್ನಾಗಿ ಬಂದಿರುತ್ತದೆ. ಒಬ್ಬಳು "ಸುಮಾಗೆ ಸಿಟ್ಟು ಬಂದಿದೆ" ಅಂದರೆ "ಎಲ್ಲಿದೆ?" ಅಂತ ಕೇಳಿ. ಅವಳು "ಏನೂ ಹೇಳಲಿಲ್ಲ ಅಂತಿದೆಯಲ್ಲ" ಅನ್ನುತ್ತಾಳೆ. ಇನ್ನೊಬ್ಬ "ಬೇಜಾರಾದರೂ ಸುಮ್ಮನಿರ್ತಾರೆ" ಅನ್ನುತ್ತಾನೆ. ಈಗ ತರಗತಿಯಲ್ಲಿ ನಿಜವಾದ ಭಿನ್ನಾಭಿಪ್ರಾಯ ಹುಟ್ಟಿದೆ. ಅದನ್ನು ಬಗೆಹರಿಸಬೇಡಿ.

"ಹಾಗಾದರೆ ಯಾರು ಏನು ಹೇಳಿದರೂ ಸರಿನಾ?" ಅಂತ ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ನೇರವಾಗಿ ಉತ್ತರಿಸಿ. ಸಿಟ್ಟು, ಬೇಸರ, ಬಿಡುಗಡೆ, ಮೂರನ್ನೂ ಈ ಕಥೆಯ ಮಾತುಗಳು ತಾಳಿಕೊಳ್ಳುತ್ತವೆ. "ಅಣ್ಣ ತೀರಿಹೋಗಿದ್ದಾನೆ" ಅಂದರೆ ತಾಳಿಕೊಳ್ಳುವುದಿಲ್ಲ, ಯಾಕೆಂದರೆ ಅವನ ಫೋನ್ ಬಂದಿದೆ. "ಅಮ್ಮನಿಗೆ ಸುಮಾಳ ಮೇಲೆ ಪ್ರೀತಿ ಇಲ್ಲ" ಅಂದರೂ ಇಲ್ಲ, ಅದಕ್ಕೆ ಕಥೆಯಲ್ಲಿ ಏನೂ ಸಿಗುವುದಿಲ್ಲ. ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು, ಆದರೆ ತಪ್ಪು ಉತ್ತರವೂ ಇದೆ. ಈ ವಯಸ್ಸಿಗೆ ಇದು ಹೊಸ ವಿಷಯ.

ಹಂತ 4: ಕಥಾಸಾರಕ್ಕೂ ವಿಶ್ಲೇಷಣೆಗೂ ಇರುವ ವ್ಯತ್ಯಾಸ

ಇದನ್ನು ವ್ಯಾಖ್ಯೆ ಬರೆಸಿ ಕಲಿಸಲು ಆಗುವುದಿಲ್ಲ. ವಾಕ್ಯಗಳನ್ನು ಮುಂದಿಟ್ಟು ವಿಂಗಡಿಸಲು ಹೇಳಿ. ಒಂದು ಪರೀಕ್ಷೆ ಹೇಳಿಕೊಡಿ: ಕಥೆಯನ್ನು ಗಮನವಿಟ್ಟು ಓದಿದ ಗೆಳೆಯನೊಬ್ಬ ಇದನ್ನು ಒಪ್ಪದೇ ಇರಬಹುದಾ?

"ಸುಮಾ ಪ್ರತಿ ಭಾನುವಾರ ಸೈಕಲ್ ಒರೆಸುತ್ತಾಳೆ." ಒಪ್ಪದಿರಲು ಸಾಧ್ಯವಿಲ್ಲ, ಇದು ಕಥಾಸಾರ. "ಸುಮಾ ಸೈಕಲ್ ಒರೆಸುವುದು ಅಣ್ಣ ವಾಪಸ್ ಬರುತ್ತಾನೆ ಅನ್ನುವ ನಂಬಿಕೆಯಿಂದ." ಇದನ್ನು ಗೆಳೆಯ ಪ್ರಶ್ನಿಸಬಹುದು, ಇದು ವಿಶ್ಲೇಷಣೆ. "ಸುಮಾ ನಂಗೆ ಇಷ್ಟ" ಅನ್ನುವುದನ್ನು ಪ್ರಶ್ನಿಸಿ ಪ್ರಯೋಜನವಿಲ್ಲ, ಅದು ಅವರವರ ಇಷ್ಟ. ಈ ಮೂರು ಗುಂಪಿಗೆ ಸೇರುವ ಹತ್ತು ಹನ್ನೆರಡು ವಾಕ್ಯ ಬರೆದು ಚೀಟಿ ಮಾಡಿ ಹಂಚಿ. ಒಂದೆರಡು ವಾಕ್ಯಗಳ ಬಗ್ಗೆ ಜಗಳ ಆಗುವ ಹಾಗಿರಲಿ. ಅರ್ಧ ಪೀರಿಯಡ್ ಸಾಕು.

ಹಂತ 5: ನಿಲುವು ಕಟ್ಟುವುದು

ಇಡೀ ಪ್ರಬಂಧ ಹೇಳಹೊರಟಿರುವುದನ್ನು ಒಂದು ವಾಕ್ಯದಲ್ಲಿ ಇಡುವುದೇ ನಿಲುವು. ಮಕ್ಕಳು ಮೊದಲು ಬರೆಯುವುದು ಒಂದೇ ಪದ: ಪ್ರೀತಿ, ಸ್ನೇಹ, ಒಂಟಿತನ. ಅದು ವಿಷಯ ಅಷ್ಟೇ. ಆ ವಿಷಯದ ಬಗ್ಗೆ ಈ ಕಥೆ ಏನು ತೋರಿಸುತ್ತದೆ ಅಂತ ಕೇಳಿದರೆ ಆಶಯ ಸಿಗುತ್ತದೆ. ಅದನ್ನು ಯಾವುದರ ಮೂಲಕ ತೋರಿಸುತ್ತದೆ ಅಂತ ಕೇಳಿದರೆ ನಿಲುವು ಸಿಗುತ್ತದೆ.

ಬೋರ್ಡಿನ ಮೇಲೆ ಹೀಗೆ ಬೆಳೆಸಿ ತೋರಿಸಿ. ಮೊದಲು: "ಕಥೆ ಅಣ್ಣ ತಂಗಿಯ ಬಗ್ಗೆ ಇದೆ." ಆಮೇಲೆ: "ಸುಮಾ ಅಣ್ಣನಿಗಾಗಿ ಕಾಯುತ್ತಿದ್ದಾಳೆ." ಆಮೇಲೆ: "ಸೈಕಲ್ಲಿನ ಮೂಲಕ ಈ ಕಥೆ ಸುಮಾಳ ಕಾಯುವಿಕೆಯನ್ನು ತೋರಿಸುತ್ತದೆ, ಕೊನೆಯಲ್ಲಿ ಸೀಟು ಇಳಿಸಿದಾಗ ಅವಳು ಕಾಯುವುದನ್ನು ನಿಲ್ಲಿಸುತ್ತಾಳೆ." ಮೂರನೆಯದರಲ್ಲಿ ಪ್ರಬಂಧದ ದಾರಿಯೂ ಕಾಣುತ್ತದೆ: ಮೊದಲು ಕಾಯುವುದು, ಆಮೇಲೆ ನಿಲ್ಲಿಸುವುದು.

"ಆದರೂ", "ಆದರೆ", "ಆಗ ಮಾತ್ರ" ಇಂಥ ಪದ ನಿಲುವಿನೊಳಗೆ ಬಂದರೆ ಅದು ತಾನಾಗಿಯೇ ಗಟ್ಟಿಯಾಗುತ್ತದೆ. ನಿಲುವು ಸಿಗದ ಮಗುವಿಗೆ "ಸುಮಾ ಸೈಕಲ್ ಒರೆಸುತ್ತಾಳೆ, ಆದರೆ..." ಅಂತ ಅರ್ಧ ವಾಕ್ಯ ಕೊಟ್ಟು ನೋಡಿ. ಮತ್ತೆ ಮಾತಾಡಲು ಶುರು ಮಾಡುತ್ತದೆ.

ಹಂತ 6: ಆಧಾರ ಆರಿಸುವುದು

ಇಲ್ಲಿ ತುಂಬಾ ಹೊತ್ತು ನಿಲ್ಲಬೇಕಿಲ್ಲ. ಎರಡು ಅಭ್ಯಾಸ ಬಂದರೆ ಸಾಕು. ಒಂದು, ಉದ್ಧರಣೆ ಚಿಕ್ಕದಿರಲಿ. ನಾಲ್ಕು ಸಾಲು ನಕಲು ಮಾಡಿದ ಮಗುವಿಗೆ "ಇದರಲ್ಲಿ ಕೆಲಸ ಮಾಡುತ್ತಿರುವ ಪದ ಯಾವುದು?" ಅಂತ ಕೇಳಿ. "ತನ್ನ ಎತ್ತರಕ್ಕೆ" ಅನ್ನುವ ಎರಡೇ ಪದ ಇಡೀ ಕೊನೆಯ ಸಾಲಿಗಿಂತ ಜಾಸ್ತಿ ಹೇಳುತ್ತವೆ. ಎರಡು, ಉದ್ಧರಣೆಯನ್ನು ಒಂಟಿಯಾಗಿ ಎಸೆಯದೆ ತಮ್ಮ ವಾಕ್ಯದೊಳಗೆ ಸೇರಿಸಲಿ: ಅಣ್ಣ ಬೈಕ್ ಕೊಂಡ ಸುದ್ದಿ ಕೇಳಿದ ಮೇಲೆ ಸುಮಾ ಸೀಟನ್ನು "ತನ್ನ ಎತ್ತರಕ್ಕೆ" ಇಳಿಸುತ್ತಾಳೆ.

ಹಂತ 7: ವಿವರಣೆ, ಅಂದರೆ ನಿಜವಾದ ಕೆಲಸ

ಬ್ರಿಟಿಷ್ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ರಚನೆಯನ್ನು ಬಿಡಿಸಿ ತೋರಿಸಿದರು. ನಿಲುವು ಮತ್ತು ಆಧಾರದ ನಡುವೆ ಮೂರನೆಯದೊಂದು ಇರುತ್ತದೆ: ಈ ಆಧಾರದಿಂದ ಆ ನಿಲುವಿಗೆ ಹೋಗಲು ಅನುಮತಿ ಕೊಡುವ ವಿಚಾರ. ಮಾತಾಡುವಾಗ ಅದನ್ನು ನಾವು ಬಾಯಿಬಿಟ್ಟು ಹೇಳುವುದೇ ಇಲ್ಲ. ಮಕ್ಕಳ ಬರಹದಲ್ಲಿ ಕಾಣೆಯಾಗುವುದೂ ಅದೇ.

ಒಂದು ಮಾದರಿ ನೋಡಿ. "ಸುಮಾ ಪಕ್ಕದ ಮನೆ ಹುಡುಗನಿಗೆ 'ಪಂಕ್ಚರ್ ಆಗಿದೆ' ಅನ್ನುತ್ತಾಳೆ. ಇದರಿಂದ ಅವಳಿಗೆ ಅಣ್ಣನ ಮೇಲೆ ಪ್ರೀತಿ ಇತ್ತು ಅಂತ ತಿಳಿಯುತ್ತದೆ."

ತಿಳಿಯುತ್ತದೆಯಾ? ಸುಳ್ಳು ಹೇಳುವುದರಿಂದ ಪ್ರೀತಿ ಹೇಗೆ ತಿಳಿಯುತ್ತದೆ? ಜಿಪುಣತನವೂ ಇರಬಹುದಲ್ಲ? ಮಗುವಿನ ತಲೆಯಲ್ಲಿ ಉತ್ತರ ಇದೆ, ಹಾಳೆಯ ಮೇಲಿಲ್ಲ. "ಇದರಿಂದ ತಿಳಿಯುತ್ತದೆ" ಅನ್ನುವ ಮಾತು ಬಾಗಿಲು ಮುಚ್ಚಿಬಿಡುತ್ತದೆ. ನನ್ನನ್ನು ಕೇಳಿದರೆ ಮೊದಲ ಕೆಲವು ವಾರ ಈ ಮಾತನ್ನು ತರಗತಿಯಲ್ಲಿ ನಿಷೇಧಿಸಿ.

ಅದೇ ಆಧಾರ, ಈಗ ವಿವರಣೆಯೊಂದಿಗೆ: "ಸುಮಾ 'ಪಂಕ್ಚರ್ ಆಗಿದೆ' ಅನ್ನುತ್ತಾಳೆ. ಆದರೆ ಚಕ್ರಗಳಲ್ಲಿ 'ಗಾಳಿ ತುಂಬಿತ್ತು'. ಅಂದರೆ ಸೈಕಲ್ ಸರಿಯಾಗಿದೆ, ಕೊಡಲು ಅವಳಿಗೆ ಮನಸ್ಸಿಲ್ಲ. ತಾನು ಓಡಿಸಬೇಕು ಅನ್ನುವ ಆಸೆಯಿಂದ ಹೇಳಿದ ಸುಳ್ಳೂ ಇದಲ್ಲ, ಯಾಕೆಂದರೆ ಅವಳು ಅದನ್ನು ಹತ್ತುವುದೇ ಇಲ್ಲ. ಅಣ್ಣ ಬಿಟ್ಟು ಹೋದ ಹಾಗೆಯೇ ಸೈಕಲ್ ಇರಬೇಕು ಅನ್ನುವುದು ಅವಳ ಆಸೆ. ಅದು ಬೇರೆಯವರ ಕೈಗೆ ಹೋದರೆ ಅಣ್ಣ ಬರುವುದಿಲ್ಲ ಅಂತ ಅವಳೇ ಒಪ್ಪಿಕೊಂಡ ಹಾಗಾಗುತ್ತದೆ."

ಜಿಪುಣತನದ ಅನುಮಾನ ಇಲ್ಲಿ ಹೇಗೆ ಕರಗಿತು ಅಂತ ಮಕ್ಕಳಿಗೆ ತೋರಿಸಿ. ಕಥೆಯ ಇನ್ನೊಂದು ಸಾಲನ್ನು ಪಕ್ಕಕ್ಕೆ ತಂದು ಇಟ್ಟಿದ್ದರಿಂದ. ಒಂದು ಸಾಲನ್ನು ಇನ್ನೊಂದು ಸಾಲಿನ ಬೆಳಕಿನಲ್ಲಿ ಓದುವುದು ಗೊತ್ತಾದರೆ ಮಗು ಅರ್ಧ ದಾರಿ ದಾಟಿದ ಹಾಗೆ.

ವಿವರಣೆ ಹೊರಗೆ ತರಲು ಮೂರು ಬಗೆಯ ಪ್ರಶ್ನೆ ಕೆಲಸಕ್ಕೆ ಬರುತ್ತವೆ. ಮೊದಲನೆಯದು ಪದದ ಬಗ್ಗೆ: ಬೇರೆ ಪದ ಇದ್ದಿದ್ದರೆ ಏನಾಗುತ್ತಿತ್ತು? "ಸೀಟನ್ನು ಸರಿ ಮಾಡಿದಳು" ಅಂತಿದ್ದರೆ? ಆಗ ಅದು ರಿಪೇರಿ ಅಷ್ಟೇ. "ತನ್ನ ಎತ್ತರಕ್ಕೆ" ಅಂದಾಗ ಸೈಕಲ್ ಅವಳದಾಗುತ್ತದೆ. ಎರಡನೆಯದು ಕ್ರಮದ ಬಗ್ಗೆ: ಇದು ಯಾಕೆ ಈಗಲೇ ಆಯಿತು? ಇಷ್ಟು ದಿನ ಮುಟ್ಟದ ಸೀಟನ್ನು ಬೈಕಿನ ಸುದ್ದಿ ಬಂದ ಸಂಜೆಯೇ ಯಾಕೆ ಇಳಿಸಿದಳು? ಮೂರನೆಯದು ಹೇಳದೇ ಬಿಟ್ಟದ್ದರ ಬಗ್ಗೆ: "ಸುಳ್ಳು ಹೇಳಿದಳು" ಅಂತ ನೇರವಾಗಿ ಬರೆಯದೆ "ಗಾಳಿ ತುಂಬಿತ್ತು" ಅಂತ ಯಾಕೆ ಬರೆದಿದೆ? ಸುಳ್ಳು ಅಂತ ಹೆಸರಿಟ್ಟಿದ್ದರೆ ನಾವು ಅವಳನ್ನು ಬೈದುಕೊಂಡು ಮುಂದೆ ಹೋಗುತ್ತಿದ್ದೆವು. ಈಗ ಕಾರಣ ಹುಡುಕುತ್ತೇವೆ.

ಈ ಹಂತದಲ್ಲಿ ನೀವು ಮಕ್ಕಳ ಮುಂದೆಯೇ ಬರೆಯಬೇಕು. ಮನೆಯಲ್ಲಿ ಬರೆದು ತಂದ ಚೆಂದದ ಮಾದರಿ ಸಾಲುವುದಿಲ್ಲ. ಬೋರ್ಡಿನ ಮುಂದೆ ನಿಂತು, ಯೋಚನೆಯನ್ನು ಜೋರಾಗಿ ಹೇಳುತ್ತಾ ಬರೆಯಿರಿ: "ಇಲ್ಲಿ ಪ್ರೀತಿ ಅಂತ ಬರೆಯಲಾ... ಬೇಡ, ಅದು ದೊಡ್ಡ ಪದ ಆಯ್ತು. ಈ ಸಾಲಿನಲ್ಲಿ ಕಾಣೋದು ಕಾಯುವುದು ಮಾತ್ರ." ಹೊಡೆದು ಹಾಕಿ, ಮತ್ತೆ ಬರೆಯಿರಿ. ಬರೆಯುವವರು ತಡವರಿಸುತ್ತಾರೆ ಅನ್ನುವುದು ಮಕ್ಕಳಿಗೆ ಗೊತ್ತಿರುವುದಿಲ್ಲ.

ಪಕ್ಕದಲ್ಲಿ ಕೂತವರ ಜೊತೆ ಮಾಡುವ ಒಂದು ಅಭ್ಯಾಸವೂ ಇದೆ. ಒಬ್ಬರು ತಮ್ಮ ನಿಲುವು, ಆಧಾರ ಓದುತ್ತಾರೆ. ಇನ್ನೊಬ್ಬರು "ಸೋ ವಾಟ್?" ಅನ್ನುವ ಧಾಟಿಯಲ್ಲಿ "ಅದಕ್ಕೇನೀಗ?" ಅಂತ ಕೇಳುತ್ತಾರೆ. ಉತ್ತರ ಬಂದ ಮೇಲೆ ಮತ್ತೊಮ್ಮೆ "ಅದಕ್ಕೇನೀಗ?" ಎರಡನೇ ಉತ್ತರವನ್ನೇ ಬರೆದುಕೊಳ್ಳಬೇಕು. ಮೊದಲನೆಯದು ಸಾಮಾನ್ಯವಾಗಿ ಕಥಾಸಾರ ಆಗಿರುತ್ತದೆ. ಮಕ್ಕಳು ಇದನ್ನು ಖುಷಿಯಿಂದ ಆಡುತ್ತಾರೆ, ತರಗತಿ ಸ್ವಲ್ಪ ಗಲಾಟೆಯಾಗುತ್ತದೆ.

ಹಂತ 8: ಒಂದೇ ಪ್ಯಾರಾ, ಮೊದಲು ಜೊತೆಯಾಗಿ

ಓದು ಕಲಿಸುವ ವಿಷಯದಲ್ಲಿ ಡೇವಿಡ್ ಪಿಯರ್ಸನ್ ಮತ್ತು ಮಾರ್ಗರೆಟ್ ಗ್ಯಾಲಗರ್ 1983ರಲ್ಲಿ ಒಂದು ಕ್ರಮ ಹೇಳಿದರು: ಜವಾಬ್ದಾರಿಯನ್ನು ಮಕ್ಕಳಿಗೆ ಸ್ವಲ್ಪ ಸ್ವಲ್ಪವಾಗಿ ದಾಟಿಸಬೇಕು. ಮೊದಲು ಟೀಚರ್ ಮಾಡುತ್ತಾರೆ, ಆಮೇಲೆ ಎಲ್ಲರೂ ಸೇರಿ, ಕೊನೆಗೆ ಮಗು ಒಂಟಿಯಾಗಿ. ಬರವಣಿಗೆಗೂ ಇದು ಚೆನ್ನಾಗಿ ಹೊಂದುತ್ತದೆ. ನಾವು ಸಾಮಾನ್ಯವಾಗಿ ನಡುವಿನ ಮೆಟ್ಟಿಲನ್ನೇ ಹಾರಿಬಿಡುತ್ತೇವೆ.

ಇಡೀ ತರಗತಿ ಸೇರಿ ಒಂದು ಪ್ಯಾರಾ ಬರೆಯಿರಿ. ಮಕ್ಕಳು ವಾಕ್ಯ ಹೇಳಲಿ, ನೀವು ಬೋರ್ಡಿನ ಮೇಲೆ ಬರೆಯಿರಿ, ತಿದ್ದಲು ಅವರನ್ನೇ ಕೇಳಿ. ಮಾರನೇ ದಿನ ಇಬ್ಬಿಬ್ಬರಾಗಿ ಇನ್ನೊಂದು ಆಧಾರದ ಮೇಲೆ ಬರೆಯಲಿ. ಅದರ ಮಾರನೇ ದಿನ ಒಬ್ಬೊಬ್ಬರೇ. ಪ್ಯಾರಾದ ಅಸ್ಥಿಪಂಜರ ಸರಳ: ಈ ಪ್ಯಾರಾ ಹೇಳುವ ಮಾತು, ಆಧಾರ, ವಿವರಣೆ, ನಿಲುವಿಗೆ ಮರಳುವ ಒಂದು ಸಾಲು. ಒಂದು ನಿಯಮ ಮಾತ್ರ ಬಿಗಿಯಾಗಿರಲಿ. ವಿವರಣೆ ಆಧಾರಕ್ಕಿಂತ ಉದ್ದ ಇರಬೇಕು. ಒಂದು ಸಾಲಿನ ಆಧಾರಕ್ಕೆ ಕನಿಷ್ಠ ಮೂರು ವಾಕ್ಯದ ವಿವರಣೆ.

ಇಂಥ ಒಂದು ಪ್ಯಾರಾ ಒಂಟಿಯಾಗಿ ಬರೆಯಲು ಬರುವ ತನಕ ಪ್ರಬಂಧಕ್ಕೆ ಹೋಗಬೇಡಿ. ಸಿಲಬಸ್ ಮುಗಿಸುವ ಅವಸರ ಎಲ್ಲರಿಗೂ ಇರುತ್ತದೆ, ಗೊತ್ತು. ಆದರೆ ದುರ್ಬಲವಾದ ಒಂದು ಪ್ಯಾರಾವನ್ನು ಐದು ಸಲ ಬರೆಸಿದರೆ ಸಿಗುವುದು ದುರ್ಬಲವಾದ ಐದು ಪ್ಯಾರಾ.

ಹಂತ 9: ಪ್ಯಾರಾಗಳಿಂದ ಪ್ರಬಂಧಕ್ಕೆ

ಐದು ಪ್ಯಾರಾ ಪ್ರಬಂಧ ಅನ್ನುವ ಅಚ್ಚು ಎಲ್ಲರಿಗೂ ಪರಿಚಿತ. ಅದರ ಮೇಲೆ ನನಗೆ ದ್ವೇಷವಿಲ್ಲ, ಆದರೆ ಮೂರನೇ ಕಾರಣ ಇಲ್ಲದ ಮಗು ಅಚ್ಚು ತುಂಬಿಸಲು ಏನೋ ಒಂದನ್ನು ತುರುಕುತ್ತದೆ. ನಡುವೆ ಎರಡು ಗಟ್ಟಿ ಪ್ಯಾರಾ ಇದ್ದರೆ ಸಾಕು.

ಆ ಎರಡರ ನಡುವಿನ ಸೇತುವೆಗೆ ಗಮನ ಕೊಡಿ. "ಮತ್ತೊಂದು ಉದಾಹರಣೆ" ಅನ್ನುವುದು ಸೇತುವೆಯಲ್ಲ. "ಇಷ್ಟು ಜೋಪಾನ ಮಾಡಿದ ಸೈಕಲ್ಲನ್ನು ಸುಮಾ ಕೊನೆಗೆ ತಾನೇ ಬದಲಾಯಿಸುತ್ತಾಳೆ" ಅಂದರೆ ಎರಡನೇ ಪ್ಯಾರಾ ಮೊದಲನೆಯದರ ಹೆಗಲ ಮೇಲೆ ನಿಲ್ಲುತ್ತದೆ.

ಪೀಠಿಕೆಯನ್ನು ಕೊನೆಗೆ ಬರೆಸಿ. ತಾನು ಏನು ಹೇಳಿದೆ ಅಂತ ಗೊತ್ತಾದ ಮೇಲೆ ಅದನ್ನು ಪರಿಚಯಿಸುವುದು ಸುಲಭ. ಕಥೆಯ ಹೆಸರು, ಬರೆದವರು, ಎರಡು ಸಾಲಿನಲ್ಲಿ ಸಂದರ್ಭ, ಆಮೇಲೆ ನಿಲುವು. "ಪ್ರಾಚೀನ ಕಾಲದಿಂದಲೂ ಮನುಷ್ಯ..." ಅಂತ ಶುರುವಾದರೆ ಪ್ರೀತಿಯಿಂದಲೇ ಹೊಡೆದು ಹಾಕಿ. ಮುಕ್ತಾಯದಲ್ಲಿ ನಿಲುವನ್ನು ಬೇರೆ ಪದಗಳಲ್ಲಿ ಮತ್ತೆ ಹೇಳುವುದಕ್ಕಿಂತ, ಈ ವಿಶ್ಲೇಷಣೆಯಿಂದ ಕಥೆಯ ಬಗ್ಗೆ ಹೊಸದಾಗಿ ಏನು ಕಂಡಿತು ಅಂತ ಎರಡು ವಾಕ್ಯ ಬರೆಯಲಿ. ಅಮ್ಮನ ನಗು ಯಾಕೆ ಅಲ್ಲಿದೆ ಅಂತ ಒಂದು ಮಗು ಮುಕ್ತಾಯದಲ್ಲಿ ಕೇಳಿದರೆ ನನಗೆ ಅದೇ ಒಳ್ಳೆಯ ಮುಕ್ತಾಯ.

ಉಪಮೆ, ರೂಪಕ, ಪ್ರತೀಕ, ನಿರೂಪಕ ಇಂಥ ಪದಗಳನ್ನು ಎಲ್ಲಿ ಕಲಿಸಬೇಕು? ಬೇಕಾದಾಗ, ಬೇಕಾದ ಕಡೆ. ಸೈಕಲ್ ಬರೀ ಸೈಕಲ್ ಅಲ್ಲ ಅಂತ ಮಗು ತಾನೇ ಹೇಳಿದ ಕ್ಷಣ "ಇದಕ್ಕೆ ಪ್ರತೀಕ ಅಂತಾರೆ" ಅನ್ನಿ. ಮೊದಲೇ ಪಟ್ಟಿ ಕೊಟ್ಟರೆ "ಈ ಕಥೆಯಲ್ಲಿ ಒಂದು ಪ್ರತೀಕ ಮತ್ತು ಎರಡು ಉಪಮೆಗಳಿವೆ" ಅಂತ ಎಣಿಸಿ ಕೊಡುತ್ತಾರೆ.

ಹಂತ 10: ತಿದ್ದುವುದು ಮತ್ತು ಅಂಕ ಕೊಡುವುದು

ಕರಡು ಬಂದ ಮೇಲೆ ಮಕ್ಕಳೇ ಮೂರು ಬಣ್ಣದಲ್ಲಿ ಗೆರೆ ಎಳೆಯಲಿ: ನಿಲುವಿಗೊಂದು, ಆಧಾರಕ್ಕೊಂದು, ವಿವರಣೆಗೊಂದು. ಮೂರನೇ ಬಣ್ಣ ಕಡಿಮೆ ಇದ್ದರೆ ಏನು ಮಾಡಬೇಕು ಅಂತ ನೀವು ಹೇಳಬೇಕಾಗಿಯೇ ಇಲ್ಲ. ಯಾವ ಬಣ್ಣವೂ ಇಲ್ಲದ ವಾಕ್ಯಗಳು ಸಾಮಾನ್ಯವಾಗಿ ಕಥಾಸಾರ.

ಕಾಗುಣಿತ, ವ್ಯಾಕರಣ ಕೊನೆಯ ಸುತ್ತಿಗೆ. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ 4ರಿಂದ 12ನೇ ತರಗತಿ ಮಕ್ಕಳ ಬರವಣಿಗೆ ಕುರಿತ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಯೋಜನೆ ಹಾಕುವ, ತಿದ್ದುವ ವಿಧಾನಗಳನ್ನು ಹಂತ ಹಂತವಾಗಿ ನೇರವಾಗಿ ಕಲಿಸಿದಾಗ ಬರಹ ಚೆನ್ನಾಗಿ ಸುಧಾರಿಸಿತ್ತು. ವ್ಯಾಕರಣವನ್ನು ಪ್ರತ್ಯೇಕ ಪಾಠವಾಗಿ ಕಲಿಸಿದ್ದರಿಂದ ಬರಹಕ್ಕೆ ಲಾಭ ಕಾಣಲಿಲ್ಲ.

ನೀವು ಬರೆಯುವ ಟಿಪ್ಪಣಿ ಒಂದು ಅಥವಾ ಎರಡು ಇರಲಿ, ಪ್ರಶ್ನೆಯ ರೂಪದಲ್ಲಿರಲಿ. "ವಿವರಣೆ ಸಾಲದು" ಅಂದರೆ ಮಗುವಿಗೆ ಏನೂ ಹೊಳೆಯುವುದಿಲ್ಲ. "ಅವಳು ಓಡಿಸದಿದ್ದರೂ ಬೇರೆಯವರಿಗೆ ಯಾಕೆ ಕೊಡುವುದಿಲ್ಲ?" ಅಂದರೆ ಹೊಳೆಯುತ್ತದೆ. ಕರಡಿನ ಮೇಲೆ ಅಂಕ ಹಾಕಬೇಡಿ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5 ಮತ್ತು 6ನೇ ತರಗತಿಯ ಕೆಲವು ಮಕ್ಕಳಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಎರಡೂ ಕೊಡಲಾಗಿತ್ತು. ಆಸಕ್ತಿ ಉಳಿದದ್ದು, ಕೆಲಸ ಸುಧಾರಿಸಿದ್ದು ಟಿಪ್ಪಣಿ ಮಾತ್ರ ಸಿಕ್ಕವರಲ್ಲಿ. ಅಂಕ ಪಕ್ಕದಲ್ಲಿದ್ದರೆ ಟಿಪ್ಪಣಿಯ ಲಾಭ ಸಿಗಲಿಲ್ಲ. ಆ ಅಧ್ಯಯನದಲ್ಲಿ ಮಕ್ಕಳು ಮಾಡಿದ್ದು ಪ್ರಬಂಧಗಳಲ್ಲ, ಬೇರೆ ಬಗೆಯ ಚಟುವಟಿಕೆಗಳು. ಆದರೂ ಉತ್ತರ ಪತ್ರಿಕೆ ಕೈಗೆ ಬಂದ ತಕ್ಷಣ ಮಕ್ಕಳ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಅಂತಿಮ ಪ್ರತಿಗೆ ಅಂಕ ಕೊಡಲೇಬೇಕಲ್ಲ, ಆಗ ಅರ್ಧದಷ್ಟನ್ನು ವಿವರಣೆಗೆ ಇಡಿ. ನೀವು ಯಾವುದಕ್ಕೆ ಅಂಕ ಇಡುತ್ತೀರೋ ಅದು ಮುಖ್ಯ ಅಂತ ಮಕ್ಕಳು ಲೆಕ್ಕ ಹಾಕುತ್ತಾರೆ.

ಹಿಂದೆ ಉಳಿದವರು, ಮುಂದೆ ಹೋದವರು, ನಕಲು ಮಾಡುವವರು

ಓದುವುದೇ ಕಷ್ಟ ಅನ್ನುವ ಮಗುವಿಗೆ ಕಥೆಯನ್ನು ಓದಿ ಹೇಳಿ, ವಿಶ್ಲೇಷಣೆ ಮಾತ್ರ ಅವಳೇ ಮಾಡಲಿ. ಯೋಚಿಸುವ ಕೆಲಸವನ್ನು ಹಗುರ ಮಾಡಬೇಡಿ. ಬೇಗ ಮುಗಿಸುವವರಿಗೆ ಇನ್ನೊಂದು ಪ್ಯಾರಾ ಕೊಡುವ ಬದಲು ತಮ್ಮ ನಿಲುವಿಗೆ ವಿರುದ್ಧವಾದ ಓದನ್ನು ಹುಡುಕಿ ಅದಕ್ಕೆ ಉತ್ತರ ಬರೆಯಲು ಹೇಳಿ. ಸುಮಾ ಕಾಯುವುದನ್ನು ಬಿಟ್ಟಳು ಅನ್ನುವವರು, ಇಲ್ಲ, ಅವಳು ಸೇಡು ತೀರಿಸಿಕೊಂಡಳು ಅನ್ನುವವರಿಗೆ ಏನು ಹೇಳುತ್ತಾರೆ?

ಗೈಡ್, ಇಂಟರ್ನೆಟ್, ಎಐ ಚಾಟ್‌ಬಾಟ್‌ನಿಂದ ಬಂದ ಬರಹದ ತಲೆನೋವು ಎಲ್ಲರಿಗೂ ಇದೆ. ಹೆಸರಾಂತ ಕಥೆಯ ಬದಲು ಯಾರೂ ಓದಿರದ ಪುಟ್ಟ ಕಥೆ ಕೊಡಿ. ಮೊದಲ ಕರಡನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಿ. ಅನುಮಾನ ಬಂದರೆ ಗದರುವ ಮೊದಲು ಬರಹದ ಒಂದು ವಾಕ್ಯ ತೋರಿಸಿ "ಇದು ಎಲ್ಲಿದೆ, ತೋರಿಸು" ಅನ್ನಿ. ತಾನೇ ಬರೆದ ಮಗು ತಕ್ಷಣ ಬೆರಳಿಡುತ್ತದೆ.

ಎರಡನೇ ಪ್ರಬಂಧಕ್ಕೆ ಬೇರೆ ಕಥೆ ತೆಗೆದುಕೊಳ್ಳಿ, ಊರುಗೋಲುಗಳನ್ನು ಒಂದೊಂದಾಗಿ ತೆಗೆಯಿರಿ. ಮೊದಲು ಅರ್ಧ ವಾಕ್ಯ ಕೊಡುವುದನ್ನು ನಿಲ್ಲಿಸಿ, ಆಮೇಲೆ ಜೊತೆಯಾಗಿ ಬರೆಯುವುದನ್ನು. "ಅದಕ್ಕೇನೀಗ?" ಆಟವನ್ನು ಮಾತ್ರ ಎಂಟನೇ ತರಗತಿ ಮುಗಿಯುವ ತನಕ ಬಿಡಬೇಡಿ.